ಪಿಳ್ಳಮ್ಮನಿಗಾಗಿ ಉಳಿಸಿಕೊಂಡ ಎರಡು ಹಲ್ಲು

ಮುನಿರಾಮಣ್ಣನ ಬಾಯಲ್ಲಿ ಮೇಲುಗಡೆ ಉಳಿದಿದ್ದು ಎದುರಿನ ಎರಡೇ ಹಲ್ಲು. ಎರಡೂ ಅಲ್ಲಾಡುತ್ತಿದ್ದವು. ಮಾತಾಡುವಾಗ ಅವು ಒಳಗೂ ಹೊರಗೂ ಆಡುವುದನ್ನು ನೋಡಿದರೆ ನನಗೆ ಮೈ ಜುಮ್ಮೆನ್ನುತ್ತಿತ್ತು. ಕೀಳಿಸಿಬಿಡಿ, ಹೊಸ ಸೆಟ್ಟು ಕಟ್ಟಿಸಿಕೊಳ್ಳಿ ಎಂದು ವರ್ಷಗಟ್ಟಲೆ ಬಾಯಿ ಬಡಿದುಕೊಂಡೆ. ಅವನು ಲವಂಗದ ಎಣ್ಣೆ ಹಚ್ಚಿಕೊಂಡ, ಉಪ್ಪುನೀರು ಮುಕ್ಕಳಿಸಿದ, ರಾಗಿ ಅಂಬಲಿ ಕುಡಿದು ಕಾಲ ಹಾಕಿದ. ದಂತವೈದ್ಯರ ಮೆಟ್ಟಿಲು ಮಾತ್ರ ಹತ್ತಲಿಲ್ಲ. ಆ ಹಲ್ಲುಗಳನ್ನು ಯಾರಿಗಾಗಿ ಕಾಪಾಡುತ್ತಿದ್ದಾನೆ ಎಂಬುದು ಗೊತ್ತಾದ ಮೇಲೆ ನಾನೇ ಲವಂಗದ ಎಣ್ಣೆ ತಂದುಕೊಡಲು ಶುರುಮಾಡಿದೆ.

ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ಮುಂದಿನ ಕೋಣೆ ನನ್ನ ಹೊಲಿಗೆ ಅಂಗಡಿ, ಹಿಂದಿನದು ಅವನ ಮನೆ. ನಾನು ರಂಜಿನಿ. ಬ್ಲೌಸು ಹೊಲಿಯುತ್ತೇನೆ, ಮದುವೆ ಕಾಲ ಬಂತೆಂದರೆ ಕಲಾಸಿಪಾಳ್ಯದ ಬ್ಯಾಂಡಿನವರ ಕೆಂಪು ಕೋಟುಗಳಿಗೆ ಜರತಾರಿ ಪಟ್ಟಿ ಕೂಡಿಸಿಕೊಡುತ್ತೇನೆ. ಆ ಬ್ಯಾಂಡಿನಲ್ಲಿ ಮುನಿರಾಮಣ್ಣ ಟ್ರಂಪೆಟ್ ಊದುತ್ತಿದ್ದ. ಊರವರ ಮದುವೆಗಳಿಗೆಲ್ಲ ಊದಿ ಊದಿ ತನ್ನ ಮದುವೆಗೆ ಅವನಿಗೆ ಪುರುಸೊತ್ತೇ ಆಗಲಿಲ್ಲ. ಎದುರಿಗಿದ್ದಾಗ ನಾನು ಅವನಿಗೆ ಬಹುವಚನವೇ ಕೊಡುತ್ತೇನೆ, ಬೈಯುವಾಗಲೂ. ಬರೆಯಲು ಕೂತರೆ ಮಾತ್ರ ಒಡಹುಟ್ಟಿದವನ ಹಾಗೆ ಏಕವಚನ ಬಂದುಬಿಡುತ್ತದೆ.

ಟ್ರಂಪೆಟ್ಟನ್ನು ಅವನು ಯಾವತ್ತೋ ಬ್ಯಾಂಡಿನವರಿಗೆ ಒಪ್ಪಿಸಿದ್ದ. ಕೋಣೆಯ ಮೊಳೆಗೆ ತೂಗುತ್ತಿದ್ದದ್ದು ಅವನಪ್ಪನ ಬ್ಯೂಗಲ್ಲು. ಅಲ್ಲಲ್ಲಿ ತಗ್ಗು ಬಿದ್ದ ಹಿತ್ತಾಳೆ, ಮೇಲೊಂದು ಹಳೇ ಪಂಚೆಯ ತುಂಡು. ದಿನಾ ಬೆಳಿಗ್ಗೆ ಅದರ ಬಾಯಿಗೆ ಬಟ್ಟೆ ತುರುಕಿ, ವಠಾರಕ್ಕೆ ತೊಂದರೆಯಾಗದ ಹಾಗೆ ಮೆಲ್ಲಗೆ ಒಂದೇ ಕರೆ ಊದುತ್ತಿದ್ದ. ಉದ್ದನೆಯ, ಎದೆ ಹಿಂಡುವ ಕರೆ. ಅದು ಏರುತ್ತ ಹೋಗಿ, ಇಳಿದು, ಇನ್ನೇನು ಮುಗಿಯಬೇಕು ಎನ್ನುವಾಗ ನಿಂತುಹೋಗುತ್ತಿತ್ತು. ಒಂದು ಸ್ವರ ಬಾಕಿ. ನನಗೆ ರೇಗಿಹೋಗುತ್ತಿತ್ತು. ಹೆಮ್ಮಿಂಗು ಹಾಕುತ್ತ ಹಾಕುತ್ತ ಒಂದು ಗೇಣು ಬಿಟ್ಟು ಎದ್ದುಹೋದರೆ ಯಾರು ತಾನೇ ಸಹಿಸುತ್ತಾರೆ? ಒಂದು ದಿನ ಹೋಗಿ ಜಗಳಕ್ಕೇ ನಿಂತೆ. ಆಗ ಅವನು ಲೈನಿನ ಕಥೆ ಹೇಳಿದ.

ಕನಕಪುರ ರಸ್ತೆಯಲ್ಲಿ ಬಹಳ ದೂರ ಹೋಗಿ ಎಡಕ್ಕೆ ತಿರುಗಿದರೆ ಸಿಗುತ್ತಿದ್ದ ಊರು ಅದು. ಕಾಗದದಲ್ಲಿ ಅದಕ್ಕೆ ಏನೋ ದೊಡ್ಡ ಹೆಸರಿತ್ತಂತೆ, ಸುತ್ತಲಿನವರು ಸಿಪಾಯಿ ಲೈನು ಎನ್ನುತ್ತಿದ್ದರು, ಒಳಗಿನವರಿಗೆ ಬರೀ ಲೈನು. ಎರಡನೇ ಮಹಾಯುದ್ಧ ಮುಗಿದು ಬರ್ಮಾದಿಂದಲೂ ಆಫ್ರಿಕಾದಿಂದಲೂ ವಾಪಸು ಬಂದ ಸಿಪಾಯಿಗಳಿಗೆ ಉತ್ತು ತಿನ್ನಿ ಎಂದು ಕೊಟ್ಟ ಜಾಗ. ಕೊಟ್ಟವರು ನೆಲವನ್ನು ಕಣ್ಣಿಂದ ನೋಡಿದ್ದರೋ ಇಲ್ಲವೋ. ಹಾರೆ ಹಾಕಿದಲ್ಲೆಲ್ಲ ಬಂಡೆ ಕಿಡಿ ಕಾರುತ್ತಿತ್ತು. ಸಿಪಾಯಿಗಳು ಜಗ್ಗಲಿಲ್ಲ. ಪಟಾಲಮ್ಮಿನಲ್ಲಿ ತಮಗಿದ್ದ ನಂಬರಿನ ಪ್ರಕಾರ ಒಂದೇ ಸಾಲಿನಲ್ಲಿ ಮನೆ ಕಟ್ಟಿಕೊಂಡರು. ಯಾವ ಜಾತಿಯವನ ಪಕ್ಕಕ್ಕೆ ಯಾವ ಜಾತಿಯವನು ಬಂದ ಎಂದು ನೋಡಿಕೊಳ್ಳುವಷ್ಟರಲ್ಲಿ ಗೋಡೆ ಎದ್ದಾಗಿತ್ತು. ಅದಕ್ಕೇ ಸುತ್ತಲಿನ ಊರಿನವರು ಲೈನಿನ ನೀರು ಮುಟ್ಟುತ್ತಿರಲಿಲ್ಲ, ಲೈನಿಗೆ ಹೆಣ್ಣು ಕೊಡಲೂ ಹಿಂದೆಮುಂದೆ ನೋಡುತ್ತಿದ್ದರು. ಒಂದೇ ಬಾವಿ, ಒಂದೇ ಮಸಣ.

ಬೇಸಾಯದಲ್ಲಿ ಆ ಸಿಪಾಯಿಗಳು ಎಂಥ ಗಟ್ಟಿಗರೆಂದರೆ, ಮೊದಲ ವರ್ಷ ಹಗ್ಗ ಹಿಡಿದು ಉಳುಮೆ ಮಾಡಿದರಂತೆ. ಸಾಲು ನೆಟ್ಟಗಿರಬೇಕು, ಅಷ್ಟೇ. ಇಳಿಜಾರಿನ ಮೇಲಿಂದ ಕೆಳಕ್ಕೆ ಬಾಣ ಬಿಟ್ಟ ಹಾಗೆ ಗೆರೆ ಎಳೆದರು, ಪರೇಡಿನ ಹಾಗೆ ಕಾಣುತ್ತದೆಂದು ಹಿಗ್ಗಿದರು. ಮೊದಲ ಮಳೆಗೆ ನೀರು ಅದೇ ಗೆರೆ ಹಿಡಿದು ಇದ್ದಬದ್ದ ಮಣ್ಣನ್ನೆಲ್ಲ ಹಳ್ಳಕ್ಕೆ ಕೊಂಡುಹೋಯಿತು. ಮರುವರ್ಷ ಹೆಂಗಸರು ಗಂಡಂದಿರನ್ನು ಪಕ್ಕಕ್ಕೆ ಸರಿಸಿ ಅಡ್ಡಸಾಲು ಹೊಡೆಸಿದರು. ಹಾಗೆ ಮುಂದೆ ನಿಂತು ಹೊಡೆಸಿದವಳು ಪಿಳ್ಳಮ್ಮ. ಲೈನಿಗೆ ಮದುವೆಯಾಗಿ ಬಂದು ಆಗಿನ್ನೂ ಕೆಲವೇ ತಿಂಗಳುಗಳಾಗಿದ್ದವು, ಮೀಸೆ ತಿರುವುವ ಗಂಡಸರ ಮುಂದೆ ಸಣ್ಣ ಹುಡುಗಿ.

ಅವಳ ಗಂಡ ಅಪ್ಪಯ್ಯ ಬರ್ಮಾದಿಂದ ತಂದದ್ದು ನಡುಗುವ ಎರಡು ಕೈ. ನೇಗಿಲು ಹಿಡಿದರೆ ನೇಗಿಲೂ ನಡುಗುತ್ತಿತ್ತಂತೆ. ಪಿಳ್ಳಮ್ಮನೇ ಹಿಡಿದಳು. ಹೆಣ್ಣು ನೇಗಿಲು ಮುಟ್ಟಿದರೆ ಕೇಡು ಎಂದು ಪಕ್ಕದೂರಿನವರು ಬಂದು ಗಲಾಟೆ ಮಾಡಿದರೆ, ನೀವು ಬಂದು ಉತ್ತುಕೊಟ್ಟು ಹೋಗಿ ಎಂದಳಂತೆ. ಯಾರೂ ಬರಲಿಲ್ಲ. ಬಾವಿ ತೋಡುವಾಗ ಗಂಡಸರು ಮದ್ದಿಟ್ಟು ಬಂಡೆ ಸಿಡಿಸಿದರು, ಅದು ಅವರಿಗೆ ಬರುತ್ತಿತ್ತು. ಸಿಡಿದ ಕಲ್ಲನ್ನು ತಲೆಯ ಮೇಲೆ ಹೊತ್ತು ಮೇಲೆ ತಂದವರು ಹೆಂಗಸರು. ಆಮೇಲೆ ಗಂಡಸರು ಒಬ್ಬೊಬ್ಬರಾಗಿ ಬೆಂಗಳೂರಿನ ಮಿಲ್ಲುಗಳಿಗೆ ಕಾವಲುಗಾರರಾಗಿ ಹೋದರು. ಹೆಂಗಸರು ಬಂಡೆಯ ಜೊತೆ ಉಳಿದರು. ಲೈನು ಊರಾದದ್ದು ಹಾಗೆ.

ಮುನಿರಾಮಣ್ಣನ ಅಪ್ಪ ಮುನಿಸ್ವಾಮಿ ಲೈನಿನ ಬ್ಯೂಗಲ್ಲುಗಾರ. ಬೆಳಿಗ್ಗೆ ಏಳಲಿಕ್ಕೆ, ಮಧ್ಯಾಹ್ನ ಊಟಕ್ಕೆ, ಸಂಜೆ ದೀಪಕ್ಕೆ ಅವನೇ ಊದಬೇಕು. ಸಿಪಾಯಿ ಸತ್ತಾಗ ಊದುವುದು ಮಾತ್ರ ಬೇರೆ ಕರೆ. ಸತ್ತವನು ಗುಂಡಿಯೊಳಗೂ ಅಟೆನ್ಷನ್ನಿನಲ್ಲೇ ನಿಂತಿರುತ್ತಾನೆ, ಆ ಕರೆಯ ಕೊನೆಯ ಸ್ವರವೇ ಅವನಿಗೆ ಮಲಗೆಂಬ ಅಪ್ಪಣೆ ಎಂದು ಲೈನಿನವರು ನಂಬಿದ್ದರು. ಮಣ್ಣು ಮುಚ್ಚುವುದಕ್ಕೆ ಮುಂಚೆ ಊದಬೇಕು, ಆಮೇಲೆ ಊದಿದರೆ ಕೇಳಿಸುವುದಿಲ್ಲ. ಬದುಕಿರುವವರ ಹೆಸರಿನಲ್ಲಿ ಊದಿದರೆ ಅವರನ್ನು ಕೈಯಾರೆ ಮಲಗಿಸಿದ ಹಾಗೆ. ಅದಕ್ಕೆ ಕಲಿಯುವಾಗಲೂ ಅಭ್ಯಾಸಕ್ಕೂ ಕೊನೆಯ ಸ್ವರ ಬಿಟ್ಟೇ ಊದುವುದು. ಆ ಸ್ವರ ಕಲಿಯಬೇಕಾದರೆ ಗುಂಡಿಯ ಪಕ್ಕ ನಿಂತು ಕೇಳಬೇಕಿತ್ತು. ಬ್ಯಾಂಡಿನ ಹುಡುಗರು ಯಾಕೆ ಇದನ್ನು ಕಲಿತಿಲ್ಲ ಎಂದರೆ, ಅವರು ಬರುವ ಹೊತ್ತಿಗೆ ಲೈನಿನಲ್ಲಿ ಸಾಯಲು ಸಿಪಾಯಿಗಳೇ ಉಳಿದಿರಲಿಲ್ಲ.

ಆ ಕರೆ ಗಂಡಸರಿಗೆ ಮಾತ್ರ. ಮುನಿರಾಮಣ್ಣನಿಗೆ ಹತ್ತು ವರ್ಷವಿರುವಾಗ ಅವನ ತಾಯಿ ತೀರಿಕೊಂಡಳು. ಅಪ್ಪ ಬ್ಯೂಗಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಬಾವಿಕಟ್ಟೆಯ ಮೇಲೆ ಕೂತಿದ್ದ, ಊದಲಿಲ್ಲ. ಹೆಂಗಸರಿಗೆ ಊದಲು ರೂಲ್ಸಿಲ್ಲವಂತೆ. ಅಳುತ್ತಲೇ ಅಂದನಂತೆ, ಆದರೂ ಊದಲಿಲ್ಲ. ಅಂಥ ರೂಲ್ಸು ಮಾಡಿದವನು ಕೈಗೆ ಸಿಕ್ಕಿದ್ದರೆ ನಾನು ಕತ್ತರಿ ಹಿಡಿದೇ ಮಾತಾಡುತ್ತಿದ್ದೆ. ಅವತ್ತು ಹುಡುಗನನ್ನು ಕೈಹಿಡಿದು ತನ್ನ ಮನೆಗೆ ಕರೆದುಕೊಂಡು ಹೋಗಿ ಮುದ್ದೆ ಉಣಿಸಿದವಳು ಪಿಳ್ಳಮ್ಮ. ಆಮೇಲೆ ಅವನು ಬೆಳೆದದ್ದೆಲ್ಲ ಆ ಮನೆಯಲ್ಲೇ. ಅಕ್ಕ ಎನ್ನುತ್ತಿದ್ದ.

ಅವನಿಗೆ ಇಪ್ಪತ್ತಾದಾಗ ಅಪ್ಪಯ್ಯ ಸತ್ತ. ಮುನಿಸ್ವಾಮಿ ಊದಿದ. ಮಣ್ಣು ಮುಚ್ಚಿದ ಮೇಲೆ ಪಿಳ್ಳಮ್ಮ ಎಲ್ಲರೆದುರು ಅವನನ್ನು ಕೇಳಿದಳು, ನನಗೂ ಊದುತ್ತೀಯಾ ಎಂದು. ಗಂಡ ಯುದ್ಧ ಮಾಡಿದ್ದು ನಾಲ್ಕು ವರ್ಷ, ತಾನು ಈ ಬಂಡೆಯ ಜೊತೆ ಮಾಡುತ್ತಿರುವುದು ಅದಕ್ಕಿಂತ ಜಾಸ್ತಿಯಲ್ಲವೇ ಎಂದಳು. ಗಂಡಸರು ನಕ್ಕರು. ಮುನಿಸ್ವಾಮಿ ತಲೆ ತಗ್ಗಿಸಿದ. ಪಕ್ಕದಲ್ಲಿ ನಿಂತಿದ್ದ ಮುನಿರಾಮಣ್ಣ, ನಾನು ಊದುತ್ತೇನೆ ಅಕ್ಕ ಎಂದ.

ಅಷ್ಟೇ ಮಾತು. ಅದನ್ನು ಅವನು ಐವತ್ತು ವರ್ಷಕ್ಕೂ ಮಿಕ್ಕಿ ಬಾಯಲ್ಲಿಟ್ಟುಕೊಂಡು ತಿರುಗಿದ. ಲೈನಿನ ಮನೆಗಳು ಹೋದವು. ಸಿಪಾಯಿಗಳ ಮೊಮ್ಮಕ್ಕಳೆಲ್ಲ ಒಟ್ಟಾಗಿ ಜಮೀನು ಮಾರಿದರು, ಪಿಳ್ಳಮ್ಮನೂ ಹೆಬ್ಬೆಟ್ಟೊತ್ತಿದಳು. ಈಗ ಅಲ್ಲಿ ದೊಡ್ಡ ಗೇಟು, ಒಳಗೆ ಅಪಾರ್ಟ್‌ಮೆಂಟು. ಒಮ್ಮೆ ಇಬ್ಬರನ್ನೂ ಪಿಳ್ಳಮ್ಮನ ಮೊಮ್ಮಗ ಮೂರ್ತಿ ಕಾರಿನಲ್ಲಿ ಕರೆದುಕೊಂಡು ಹೋಗಿದ್ದ. ಯಾವ ಫ್ಲ್ಯಾಟಿಗೆ ಬಂದಿರಿ ಎಂದು ಗೇಟಿನವನು ಕೇಳಿದನಂತೆ. ಮಸಣವಿದ್ದ ಕಡೆ ಪಾರ್ಕು ಮಾಡಿ ಕಸರತ್ತಿನ ಯಂತ್ರ ನೆಟ್ಟಿದ್ದರಂತೆ. ಪಿಳ್ಳಮ್ಮ ಕಾರಿನಿಂದ ಇಳಿಯಲಿಲ್ಲ. ಮೂರ್ತಿ ಕೆಟ್ಟವನಲ್ಲ. ಸೈಟಿನ ವ್ಯವಹಾರ ಮಾಡುತ್ತಾನೆ, ವಿಶ್ವೇಶ್ವರಪುರದಲ್ಲಿ ಮನೆ ಕಟ್ಟಿಸಿ ಅಜ್ಜಿಗೆ ಕೆಳಗಿನ ಕೋಣೆಯನ್ನೇ ಕೊಟ್ಟಿದ್ದ.

ಹೀಗೆ ಒಂದು ಊರಿನಲ್ಲಿ ಉಳಿದ ಇಬ್ಬರು ನಮ್ಮ ಕಡೆಯೇ ಬಂದು ಸೇರಿದರು. ಗುರುವಾರ ಗುರುವಾರ ಮುನಿರಾಮಣ್ಣ ಇಸ್ತ್ರಿ ಅಂಗಿ ಹಾಕಿಕೊಂಡು ಅವಳನ್ನು ನೋಡಲು ಹೊರಡುತ್ತಿದ್ದ. ನಾನೂ ಎಷ್ಟೋ ಸಲ ಜೊತೆಗೆ ಹೋಗಿದ್ದೇನೆ. ಪಿಳ್ಳಮ್ಮನಿಗೆ ತೊಂಬತ್ತರ ಹತ್ತಿರ, ಬೆನ್ನು ಬಾಗಿ ಬಿಲ್ಲಾಗಿತ್ತು, ನಾಲಿಗೆ ಮಾತ್ರ ನೆಟ್ಟಗಿತ್ತು. ಅವಳು ಕೂತದ್ದನ್ನು ನೋಡುವುದೇ ಅಪರೂಪ. ಗೇಟು ಹಿಡಿದು ನಿಂತಿರುತ್ತಿದ್ದಳು. ಮಂಡಿ ಅಷ್ಟು ನೋಯುತ್ತದೆ, ಕೂತುಕೊಳ್ಳಿ ಎಂದರೆ, ನಿಂತು ಅಭ್ಯಾಸ ಎನ್ನುತ್ತಿದ್ದಳು. ಅವನನ್ನು ಕಂಡ ಕೂಡಲೇ ಬಾಯಿ ತೆಗೆಸಿ ಹಲ್ಲು ನೋಡುತ್ತಿದ್ದಳು.

"ಇನ್ನೂ ಅವೆ. ನಿನ್ ಹಲ್ಲು ಮೊದ್ಲು ಹೋಗ್ತವೋ, ನಾನ್ ಮೊದ್ಲು ಹೋಗ್ತೀನೋ, ನೋಡೇ ಬಿಡಾಣ ಮುನಿಯ."

ಅವನು ಆ ಎರಡು ಹಲ್ಲು ತೋರಿಸಿ ನಗುತ್ತಿದ್ದ. ಊದುವವನ ತುಟಿಯ ಹಿಂದೆ ಹಲ್ಲಿನ ಗೋಡೆ ಇರಬೇಕು, ಅದಿಲ್ಲದಿದ್ದರೆ ಬರೀ ಗಾಳಿ ಎಂದು ನನಗೆ ವಿವರಿಸಿದ. ಒಬ್ಬರ ಸಾವಿಗೆಂದು ಇನ್ನೊಬ್ಬರು ಹಲ್ಲು ಕಾಯುವುದು, ಆ ಮಾತನ್ನು ಇಬ್ಬರೂ ನಗುನಗುತ್ತ ಆಡುವುದು. ಮೊದಮೊದಲು ನಾನು ಮಾತು ತಿರುಗಿಸುತ್ತಿದ್ದೆ. ಆಮೇಲೆ ಅದು ಅವರಿಬ್ಬರ ಪ್ರೀತಿ ಎಂದು ಅರ್ಥವಾಯಿತು.

ಹೋದ ವರ್ಷ ಯುಗಾದಿ ಕಳೆದ ಮೇಲೆ ಅವನ ದವಡೆ ಊದಿಕೊಂಡಿತು. ಮೊದಲು ಕೆನ್ನೆ, ಆಮೇಲೆ ಕಣ್ಣಿನವರೆಗೆ. ಜ್ವರ ಬಂತು. ಎಳೆದುಕೊಂಡೇ ಹೋಗಿ ಡಾಕ್ಟರಿಗೆ ತೋರಿಸಿದೆ. ಕೀವು ಎಲುಬಿಗೆ ಇಳಿದಿದೆ, ಕೀಳದೆ ಬಿಟ್ಟರೆ ರಕ್ತಕ್ಕೆ ಸೇರಿ ಜೀವಕ್ಕೇ ಬರುತ್ತದೆ ಎಂದರು. ಮಾತ್ರೆ ಬರೆಸಿಕೊಂಡು ಬಂದ. ಕೀಳಿಸುವುದಿಲ್ಲ ಎಂದ. ನಾನು ಕೂಗಾಡಿದೆ. ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಆ ಗುರುವಾರ ಅವನು ಹೋಗಲಾಗಲಿಲ್ಲ.

ಮಾರನೇ ದಿನ ಪಿಳ್ಳಮ್ಮನೇ ಬಂದಳು. ಮೂರ್ತಿ ಕಾರಿನಿಂದ ಎತ್ತಿ ಇಳಿಸಿದ. ಅಂಗಡಿಯಲ್ಲಿ ಗಿರಾಕಿಗಳಿಗೆಂದು ಇಟ್ಟಿದ್ದ ಕೆಂಪು ಪ್ಲಾಸ್ಟಿಕ್ ಸ್ಟೂಲನ್ನು ನಾನು ಅವನ ಮಂಚದ ಪಕ್ಕಕ್ಕೆ ಹಾಕಿದೆ. ಆಶ್ಚರ್ಯವೆಂದರೆ ಅವಳು ಕೂತಳು. ಇದು ಚೆನ್ನಾಗಿದೆ ಕಣಮ್ಮ, ಮಂಡಿ ಜಾಸ್ತಿ ಮಡಿಚಬೇಕಾಗಿಲ್ಲ ಎಂದಳು. ಅವನ ಊದಿದ ಕೆನ್ನೆಯನ್ನು ಮುಟ್ಟಿದಳು, ಬಾಯಿ ತೆಗೆಸಿದಳು, ತುಂಬ ಹೊತ್ತು ನೋಡಿದಳು. ಆಮೇಲೆ ಮೊಳೆಯಲ್ಲಿದ್ದ ಬ್ಯೂಗಲ್ಲನ್ನು ತೋರಿಸಿ ಅಂದಳು.

"ತೆಗಿ ಅದ್ನ. ಈಗ್ಲೇ ಊದು. ಪೂರ್ತಿ ಊದು."

ಅವನು ಎದ್ದು ಕೂತ. ಅವಳು ಏನು ಕೇಳುತ್ತಿದ್ದಾಳೆಂದು ನನಗೆ ಗೊತ್ತಾಯಿತು, ಮೂರ್ತಿಗೆ ಗೊತ್ತಾಗಲಿಲ್ಲ.

"ಬದುಕಿರೋರ್ಗೆ ಊದಕ್ಕಿಲ್ಲ ಅಕ್ಕ."

"ನಾನೇ ಕೇಳ್ತಾ ಇವ್ನಿ. ಕಿವಿ ಇನ್ನೂ ಕೇಳ್ತದೆ. ಸತ್ ಮೇಲೆ ಕೇಳ್ತದೋ ಇಲ್ವೋ ಯಾರ್ ಕಂಡವ್ರೆ?"

ಅವನು ತಲೆಯಾಡಿಸಿದ. ಇನ್ನೊಮ್ಮೆ ಕೇಳಿದಳು, ಬೇಡಿಕೊಳ್ಳುವವಳ ಹಾಗೆ. ಆ ಹೆಂಗಸು ಯಾರನ್ನಾದರೂ ಬೇಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅವನು ಬ್ಯೂಗಲ್ಲನ್ನು ಮೊಳೆಯಿಂದ ತೆಗೆದ. ಬಟ್ಟೆ ಬಿಚ್ಚಿದ. ತುಟಿಯವರೆಗೂ ತಂದ. ಮತ್ತೆ ಕೆಳಗಿಟ್ಟ. ನಾನು ಊದಿ, ನೀನು ನಾಳೆ ಕಣ್ಣು ಮುಚ್ಚಿದರೆ, ನಾನೇ ಮಲಗಿಸಿದ ಹಾಗಾಗುತ್ತದೆ ಎಂದು ತೊದಲುತ್ತ ಅತ್ತ. ತಾಯಿಯನ್ನು ಕಳೆದುಕೊಂಡ ಆ ಹತ್ತು ವರ್ಷದವನೇ ಅಳುತ್ತಿದ್ದಾನೆ ಎನಿಸಿತು. ನಾನು ಹೊರಗೆ ಬಂದು ಹೊಲಿಗೆ ಯಂತ್ರದ ಮುಂದೆ ಸುಮ್ಮನೆ ನಿಂತೆ.

ಅವಳ ದನಿ ಒಳಗಿಂದ ಕೇಳಿಸಿತು. ಹಾಗಾದರೆ ಹಲ್ಲು ಕೀಳಿಸು ಎಂದಳು. ನನಗೆ ಊದುವುದೇನೂ ಬೇಡ, ನನಗೆ ಊದಲಿ ಎಂದು ನಿನ್ನನ್ನು ಸಾಯಿಸಿಕೊಳ್ಳಲೇ ಎಂದಳು. ಅವನು ಒಪ್ಪಲಿಲ್ಲ. ನೀನು ಕೀಳಿಸುವವರೆಗೆ ನಾನು ಅನ್ನ ಮುಟ್ಟುವುದಿಲ್ಲ ಎಂದು ಹೇಳಿ ಮೂರ್ತಿಯ ತೋಳು ಹಿಡಿದು ಹೊರಟಳು. ಹೇಳಿದ ಹಾಗೇ ಮಾಡಿದಳು. ಅಜ್ಜಿ ನೀರು ಬಿಟ್ಟು ಏನೂ ತೆಗೆದುಕೊಳ್ಳುತ್ತಿಲ್ಲ ಎಂದು ಮೂರ್ತಿ ಮರುದಿನ ಸಂಜೆ ಫೋನು ಮಾಡಿದ. ಮುನಿರಾಮಣ್ಣ ಎದ್ದು ಚಪ್ಪಲಿ ಮೆಟ್ಟಿಕೊಂಡು, ನಡಿ ರಂಜಿನಿ ಎಂದ.

ಎರಡು ಹಲ್ಲನ್ನೂ ಕಿತ್ತರು. ವಸಡು ಮಾಗಿ ಹೊಸ ಸೆಟ್ಟು ಕೂಡಿಸಲು ಮೂರು ತಿಂಗಳಾದರೂ ಬೇಕು ಎಂದರು ಡಾಕ್ಟರು. ಆ ಸೆಟ್ಟು ಹಾಕಿಕೊಂಡು ಬ್ಯೂಗಲ್ ಊದಬಹುದೇ ಎಂದು ಅವನು ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಕೇಳಿದ. ಅಭ್ಯಾಸ ಮಾಡಿದರೆ ಆಗಬಹುದು ಎಂದರು. ಆಟೋ ಹಿಡಿದು ಸೀದಾ ವಿಶ್ವೇಶ್ವರಪುರಕ್ಕೆ ಹೋದೆವು. ಅವಳು ಬೊಚ್ಚು ಬಾಯನ್ನು ಪರೀಕ್ಷೆ ಮಾಡಿ ನೋಡಿ, ಸೊಸೆಯನ್ನು ಕೂಗಿ ಅನ್ನ ತರಿಸಿಕೊಂಡಳು.

"ಮೂರ್ ತಿಂಗ್ಳು ತಡ್ಕೊ ಅಕ್ಕ," ಎಂದ ಅವನು.

"ತಡ್ಕೊಂತೀನಿ ಹೋಗು. ನಿಂತಿರೋದೇನ್ ನಂಗ್ ಹೊಸ್ದಾ."

ಅವಳು ತಡೆಯಲಿಲ್ಲ. ತಿಂಗಳು ಪೂರ್ತಿಯಾಗುವ ಮೊದಲೇ ಒಂದು ಬೆಳಿಗ್ಗೆ, ಗೇಟಿಗೆ ಹೋಗುತ್ತೇನೆಂದು ಎದ್ದವಳು ಬಾಗಿಲಲ್ಲೇ ಕುಸಿದಳು. ಫೋನು ಬಂದಾಗ ಮುನಿರಾಮಣ್ಣ ನನ್ನ ಅಂಗಡಿಯಲ್ಲೇ ಅಂಬಲಿ ಕುಡಿಯುತ್ತಿದ್ದ. ಲೋಟ ಕೆಳಗಿಟ್ಟು ಕೋಣೆಗೆ ಹೋಗಿ, ಬೀಗ ಹಾಕಿದ್ದ ಟ್ರಂಕಿನಿಂದ ಅವನಪ್ಪನ ಖಾಕಿ ಕೋಟು ತೆಗೆದ. ಒಂದು ಗುಂಡಿ ಕಿತ್ತುಹೋಗಿತ್ತು. ಅವನನ್ನು ನಿಲ್ಲಿಸಿಕೊಂಡೇ ಹೊಲಿದೆ. ಬ್ಯೂಗಲ್ಲನ್ನು ತೆಗೆದುಕೊಳ್ಳುವಾಗ, ಬೇಡ ಎನ್ನಬೇಕೆನಿಸಿತು. ಕೋಟಿನ ಕಾಲರು ಸರಿಮಾಡಿದೆ.

ಮಣ್ಣು ಮಾಡಿದ್ದು ನಮ್ಮ ಕಡೆಯ ರುದ್ರಭೂಮಿಯಲ್ಲಿ. ಅವಳನ್ನು ಇಳಿಸಿದ ಮೇಲೆ ಮುನಿರಾಮಣ್ಣ ತಲೆಯ ಕಡೆ ಹೋಗಿ ಹಿಮ್ಮಡಿ ಕೂಡಿಸಿ ನಿಂತ. ಮೂರ್ತಿಗೆ ಆ ಹೊತ್ತಿಗೆ ನಾನು ಎಲ್ಲ ಹೇಳಿದ್ದೆ. ಪಾಪ, ಅವನು ಮೊಬೈಲಿನಲ್ಲಿ ಯಾವುದೋ ಸೈನ್ಯದವರ ಬ್ಯೂಗಲ್ ಹುಡುಕಿ ಇಟ್ಟುಕೊಂಡಿದ್ದ. ಹಾಕಲಾ ಎಂದು ಮೆಲ್ಲಗೆ ಕೇಳಿದ.

"ಅದು ಇನ್ಯಾರ್ಗೋ ಊದಿದ್ದು ಮೂರ್ತಿ," ಎಂದ ಮುನಿರಾಮಣ್ಣ. ಸಿಟ್ಟಿನಿಂದ ಹೇಳಲಿಲ್ಲ.

ಬ್ಯೂಗಲ್ಲನ್ನು ತುಟಿಗೆ ಒತ್ತಿದ. ತುಟಿ ಒಳಕ್ಕೆ ಮಡಿಚಿಕೊಂಡಿತು. ಸರಿಮಾಡಿಕೊಂಡು ಮತ್ತೆ ಒತ್ತಿದ. ಬರೀ ಗಾಳಿ ಬಂತು. ಕುತ್ತಿಗೆಯ ನರ ಉಬ್ಬಿ, ಮುಖ ಕಪ್ಪಾಗುವವರೆಗೂ ಊದಿದ. ಎಲ್ಲಿ ಏರಬೇಕೋ ಅಲ್ಲಿ ಉಸಿರು ಏರಿತು, ಎಲ್ಲಿ ಇಳಿಯಬೇಕೋ ಅಲ್ಲಿ ಇಳಿಯಿತು. ದಿನಾ ಬೆಳಿಗ್ಗೆ ಕೇಳಿದ್ದರಿಂದ ನನಗೆ ಆ ಕರೆ ಕೇಳಿಸುತ್ತಿತ್ತು, ಬೇರೆ ಯಾರಿಗೂ ಕೇಳಿಸಲಿಲ್ಲ. ಗುದ್ದಲಿಯವರು ಗುದ್ದಲಿ ಊರಿಕೊಂಡು ನಿಂತಿದ್ದರು. ಮಾಗದ ವಸಡಿನಿಂದ ರಕ್ತ ಗಲ್ಲಕ್ಕೆ ಇಳಿಯಿತು. ಕೊನೆಯ ಸ್ವರದ ಹತ್ತಿರ ಬಂದು, ಬರೀ ಗಾಳಿಯಲ್ಲಿ ಅಪ್ಪಣೆ ಕೊಡಲಾಗದೆ, ಅವನು ನಿಲ್ಲಿಸಿದ, ಮತ್ತೆ ಮೊದಲಿನಿಂದ ಶುರುಮಾಡಿದ. ಮತ್ತೆ ಅದೇ. ಮೂರನೇ ಸಲ ತುಟಿಗಿಟ್ಟಾಗ ಮೂರ್ತಿ ಹೋಗಿ ಅವನ ಭುಜ ಹಿಡಿದುಕೊಂಡ. ಮಣ್ಣು ಮುಚ್ಚಿದರು.

ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಗಂಡಸರಿಗೆ ಮಾತ್ರ ಎಂದ ಆ ಲೈನಿನ ಮೇಲೆ ಸಿಟ್ಟು, ಅವನನ್ನು ತಡೆದ ಆ ನಂಬಿಕೆಯ ಮೇಲೆ ಸಿಟ್ಟು. ಅವನ ಮೇಲೆ ಸಿಟ್ಟು ಮಾಡೋಣವೆಂದರೆ ಮುಖ ನೋಡಿದ ಕೂಡಲೇ ಅಳು ಬರುತ್ತದೆ.

ಹಾಲುತುಪ್ಪದ ದಿನ ಬೆಳಿಗ್ಗೆ ಸಮಾಧಿಗೆ ಹೊರಟಾಗ ಅವನು ನನ್ನ ಅಂಗಡಿಯ ಕೆಂಪು ಸ್ಟೂಲನ್ನು ಕೈಗೆತ್ತಿಕೊಂಡ. ತೆಗೆದುಕೊಂಡು ಹೋಗಲಾ ಎಂದು ಕಣ್ಣಲ್ಲೇ ಕೇಳಿದ. ಜ್ವರ ಬಿಟ್ಟ ಮೈ, ನಿಲ್ಲಲು ಆಗುವುದಿಲ್ಲವೇನೋ ಎಂದುಕೊಂಡು ಹೂಂ ಎಂದೆ. ಮೂರ್ತಿಯ ಮನೆಯವರು ಹಾಲು ತುಪ್ಪ ಬಿಟ್ಟು ಕಾಯಿ ಒಡೆದರು. ಎಲ್ಲರೂ ಮುಗಿಸಿ ಗೇಟಿನ ಕಡೆ ನಡೆದ ಮೇಲೆ ಅವನು ಸ್ಟೂಲನ್ನು ಹಸಿಮಣ್ಣಿನ ಪಕ್ಕ ಇಟ್ಟ. ಅಲ್ಲಾಡದ ಹಾಗೆ ನಾಲ್ಕೂ ಕಾಲನ್ನು ಒತ್ತಿ ಕೂಡಿಸಿದ. ಹೆಗಲ ಮೇಲಿನ ಟವಲಿನಿಂದ ಮೇಲಿದ್ದ ಧೂಳು ಒರೆಸಿದ. ಒರೆಸಿ, ಪಕ್ಕಕ್ಕೆ ಸರಿದು ಸುಮ್ಮನೆ ನಿಂತ.

"ಕೂತ್ಕೊಳ್ಳಿ ಅಣ್ಣ, ಎಷ್ಟ್ ಹೊತ್ತು ನಿಂತಿರ್ತೀರಾ," ಎಂದೆ.

"ನಂಗಲ್ಲ ರಂಜಿನಿ," ಎಂದ. "ಅಕ್ಕಂಗೆ. ಮಲ್ಗಕ್ಕೆ ಅಪ್ಪಣೆ ಆಗ್ಲಿಲ್ವಲ್ಲ, ಇನ್ನೂ ನಿಂತೇ ಅವ್ಳೆ. ಮಂಡಿ ನೋವು ಅವಳಿಗೆ."